ಮೇಸ್ತ್ರಿ ಮುರಿದುಕೊಂಡ ಒಂದು ರೂಪಾಯಿ

ದಿನಗೂಲಿ 9 ರೂಪಾಯಿ 25 ಪೈಸೆ. ಆಳಿನ ಕೈಗೆ ಬರುತ್ತಿದ್ದದ್ದು 8 ರೂಪಾಯಿ 25 ಪೈಸೆ. ನಡುವಿನ ಒಂದು ರೂಪಾಯಿ ಜಮಾದಾರನ ಜೇಬಿಗೆ.

ಜಮಾದಾರ ಅಂದರೆ ನಮ್ಮ ಕಡೆಯ ಮೇಸ್ತ್ರಿ. ಊರಿಂದ ಆಳು ಕರೆತರುವವನು ಅವನೇ, ಬಟವಾಡೆ ಮಾಡುವವನೂ ಅವನೇ. ಅವನು ಆಳಿಗೆ ಇಷ್ಟು ಅಂತ ಮುರಿದುಕೊಳ್ಳುತ್ತಾನೆ ಅನ್ನುವುದು ಯಾರಿಗೂ ಸುದ್ದಿಯಲ್ಲ. ಅಂದೂ ಅಲ್ಲ, ಇಂದೂ ಅಲ್ಲ. ಆದರೆ ಈ ಒಂದು ರೂಪಾಯಿ 1981ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. ಕೂಲಿಯ ತಕರಾರು ಅಂತ ಒಳಗೆ ಹೋಗಿದ್ದು, 1982ರಲ್ಲಿ ಮೂಲಭೂತ ಹಕ್ಕಿನ ಪ್ರಶ್ನೆಯಾಗಿ ಹೊರಗೆ ಬಂತು. ಕಾನೂನು ಪುಸ್ತಕಗಳಲ್ಲಿ ಅದರ ಹೆಸರು ಉದ್ದ: ಪೀಪಲ್ಸ್ ಯೂನಿಯನ್ ಫಾರ್ ಡೆಮಾಕ್ರಟಿಕ್ ರೈಟ್ಸ್ ವಿರುದ್ಧ ಯೂನಿಯನ್ ಆಫ್ ಇಂಡಿಯಾ. ವಕೀಲರ ಬಾಯಲ್ಲಿ ಸುಮ್ನೆ ‘ಏಷ್ಯಾಡ್ ಕೇಸು’, ಅಂದರೆ ದೆಹಲಿಯ ಏಷ್ಯನ್ ಕ್ರೀಡಾಕೂಟಕ್ಕಾಗಿ ಕಟ್ಟಡ ಕಟ್ಟಿದ ಆಳುಗಳ ಕೇಸು.

ಕಾರ್ಮಿಕರ ಹಕ್ಕು ಮಾನವ ಹಕ್ಕೇ ಎಂದು ಮೇ 1ರ ವೇದಿಕೆಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಗೆ, ಯಾವ ದಾರಿಯಲ್ಲಿ ಅನ್ನುವುದನ್ನು ಬಿಡಿಸಿ ತೋರಿಸಿದ ಪ್ರಕರಣ ಇದು. ಅದಕ್ಕೇ ಪೂರ್ತಿ ಕಥೆ ಹೇಳಬೇಕು ಅನಿಸಿತು.

ಬಣ್ಣದ ಟಿವಿ ಬಂದ ವರ್ಷ

1982ರ ನವೆಂಬರ್ 19ರಿಂದ ಡಿಸೆಂಬರ್ 4ರವರೆಗೆ ದೆಹಲಿಯಲ್ಲಿ ಒಂಬತ್ತನೆಯ ಏಷ್ಯನ್ ಕ್ರೀಡಾಕೂಟ ನಡೆಯಿತು. ದೂರದರ್ಶನಕ್ಕೆ ಬಣ್ಣ ಬಂದದ್ದು ಅದೇ ವರ್ಷ. ನಮ್ಮಲ್ಲಿ ಅಪ್ಪು ಅಂದರೆ ಬೇರೆಯೇ ಮುಖ ಕಣ್ಣಮುಂದೆ ಬರುತ್ತದೆ. ಆ ವರ್ಷ ಮಾತ್ರ ದೇಶಕ್ಕೆಲ್ಲ ಅಪ್ಪು ಅಂದರೆ ಒಂದು ಆನೆಮರಿ, ಕೂಟದ ಗುರುತು. ಪಿ.ಟಿ. ಉಷಾ ಎರಡು ಬೆಳ್ಳಿ ಗೆದ್ದರು. ಹಾಕಿ ಫೈನಲ್ಲಿನಲ್ಲಿ ಪಾಕಿಸ್ತಾನದ ಎದುರು 7-1ರಿಂದ ಸೋತೆವು. ಆ ಕಾಲದವರಿಗೆ ಇವೆಲ್ಲ ಈಗಲೂ ನೆನಪಿದೆ.

ಕೂಟಕ್ಕೆ ಮೊದಲು ದೆಹಲಿಯ ಅರ್ಧ ಭಾಗ ಅಗೆದು ಹಾಕಿದಂತಿತ್ತು. ಜವಾಹರಲಾಲ್ ನೆಹರೂ ಕ್ರೀಡಾಂಗಣ, ಒಳಾಂಗಣ ಕ್ರೀಡಾಂಗಣ, ಈಜುಕೊಳ, ಹೋಟೆಲುಗಳು, ಸಾಲುಸಾಲು ಮೇಲ್ಸೇತುವೆ, ಆಟಗಾರರು ಉಳಿಯಲು ಒಂದು ಪೂರಾ ‘ಗೇಮ್ಸ್ ವಿಲೇಜ್’. ಎಲ್ಲಕ್ಕೂ ಒಂದೇ ಗಡುವು. ಗಡುವು ಹತ್ತಿರ ಬಂದಾಗ ಕಟ್ಟಡದ ಸೈಟಿನಲ್ಲಿ ಏನಾಗುತ್ತದೆ ಅಂತ ಗಾರೆ ಕೆಲಸ ನೋಡಿದವರಿಗೆ ಹೇಳಬೇಕಾಗಿಲ್ಲ.

ಕೆಲಸ ಕೇಂದ್ರ ಸರ್ಕಾರದ್ದು. ಅದನ್ನು ದೆಹಲಿ ಆಡಳಿತ, ದೆಹಲಿ ಅಭಿವೃದ್ಧಿ ಪ್ರಾಧಿಕಾರ, ನವದೆಹಲಿ ನಗರಸಭೆಗಳಿಗೆ ಹಂಚಲಾಗಿತ್ತು. ಅವರು ಗುತ್ತಿಗೆದಾರರಿಗೆ ಕೊಟ್ಟರು. ಗುತ್ತಿಗೆದಾರರು ಜಮಾದಾರರಿಗೆ ಹೇಳಿದರು. ಜಮಾದಾರರು ರಾಜಸ್ಥಾನ, ಉತ್ತರ ಪ್ರದೇಶ, ಒಡಿಶಾದ ಹಳ್ಳಿಗಳಿಂದ ಆಳು ತಂದರು. ಮೇಲಿಂದ ಕೆಳಕ್ಕೆ ಇಷ್ಟು ಮೆಟ್ಟಿಲು. ಕೂಲಿಯ ದುಡ್ಡು ಒಂದೊಂದೇ ಮೆಟ್ಟಿಲು ಇಳಿದು ಬರಬೇಕು. ಹೊಣೆ ಮಾತ್ರ ಯಾವ ಮೆಟ್ಟಿಲಲ್ಲೂ ನಿಲ್ಲದು.

ಅಂಚೆಯಲ್ಲಿ ಬಂದ ಮೊಕದ್ದಮೆ

ಪೀಪಲ್ಸ್ ಯೂನಿಯನ್ ಫಾರ್ ಡೆಮಾಕ್ರಟಿಕ್ ರೈಟ್ಸ್ ದೆಹಲಿಯ ಒಂದು ನಾಗರಿಕ ಹಕ್ಕುಗಳ ಸಂಘಟನೆ. ತುರ್ತುಪರಿಸ್ಥಿತಿಯ ಕಾಲದಲ್ಲಿ ಜಯಪ್ರಕಾಶ ನಾರಾಯಣರ ಮುಂದಾಳತ್ವದಲ್ಲಿ ಹುಟ್ಟಿದ ಹಕ್ಕುಗಳ ಚಳವಳಿಯ ಕೊಂಬೆ ಅದು. ಈ ಸಂಘಟನೆ ಮೂವರು ಸಮಾಜ ವಿಜ್ಞಾನಿಗಳನ್ನು ಏಷ್ಯಾಡ್ ಸೈಟುಗಳಿಗೆ ಕಳಿಸಿ ವರದಿ ತರಿಸಿಕೊಂಡಿತು. ವರದಿಯ ಆಧಾರದ ಮೇಲೆ 1981ರ ನವೆಂಬರಿನಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿಯವರಿಗೆ ಒಂದು ಪತ್ರ ಬರೆಯಿತು. ಆ ಪತ್ರವನ್ನೇ ಕೋರ್ಟು ರಿಟ್ ಅರ್ಜಿ, ಅಂದರೆ ಹಕ್ಕು ಕಾಪಾಡಿ ಎಂದು ನೇರ ಕೋರ್ಟಿಗೆ ಹಾಕುವ ಅರ್ಜಿ, ಎಂದು ತೆಗೆದುಕೊಂಡಿತು.

ಪತ್ರದಲ್ಲಿದ್ದ ದೂರುಗಳು ಸರಳ. ಜಮಾದಾರ ಒಂದು ರೂಪಾಯಿ ಹಿಡಿಯುತ್ತಾನೆ, ಹಾಗಾಗಿ ಕನಿಷ್ಠ ಕೂಲಿ ಸಿಗುತ್ತಿಲ್ಲ. ಹೆಂಗಸರಿಗೆ ಕೊಡುವುದು 7 ರೂಪಾಯಿ ಮಾತ್ರ. ಹದಿನಾಲ್ಕು ತುಂಬದ ಮಕ್ಕಳನ್ನು ದುಡಿಸುತ್ತಿದ್ದಾರೆ. ಇರಲು ಸರಿಯಾದ ಜಾಗ, ನೀರು, ಔಷಧಿ ಇಲ್ಲ. ಹೊರರಾಜ್ಯದ ಕಾರ್ಮಿಕರಿಗಾಗಿ ಮಾಡಿದ 1979ರ ಕಾಯ್ದೆ ಇದ್ದೂ ಇಲ್ಲದಂತಾಗಿದೆ.

ಈ ಕೊನೆಯ ದೂರಿನ ಹಿಂದೆ ಒಂದು ಸ್ವಾರಸ್ಯವಿದೆ. 1979ರಲ್ಲಿ ಪಾರ್ಲಿಮೆಂಟು ಒಪ್ಪಿದ ಕಾಯ್ದೆ ದೇಶದಲ್ಲಿ ಜಾರಿಗೆ ಬಂದದ್ದು 1980ರ ಅಕ್ಟೋಬರ್ 2ರಂದು. ಆದರೆ ದೆಹಲಿಯಲ್ಲಿ ಅದನ್ನು ನಡೆಸಲು ಬೇಕಾದ ನಿಯಮಗಳು ಜಾರಿಯಾದದ್ದು 1982ರ ಜೂನ್ 4ರಂದು. ಆ ಹೊತ್ತಿಗೆ ಕ್ರೀಡಾಂಗಣದ ಗೋಡೆಗಳು ಎದ್ದು ನಿಂತಿದ್ದವು. ವಲಸೆ ಕಾರ್ಮಿಕರಿಗೆ ಅಂತಲೇ ಮಾಡಿದ ಕಾನೂನು, ದೇಶದ ರಾಜಧಾನಿ, ಸರ್ಕಾರದ್ದೇ ಕೆಲಸ. ಆದರೂ ನಿಯಮಕ್ಕೆ ಅಷ್ಟು ಕಾಲ ಬೇಕಾಯಿತು. ಸರ್ಕಾರ ಮನಸ್ಸು ಮಾಡಿದರೆ ನಿಯಮ ಒಂದು ವಾರದ ಕೆಲಸ ಅಲ್ವಾ?

ಕೋರ್ಟು ತೀರ್ಪಿಗೆ ಕಾಯುತ್ತಾ ಕೂರಲಿಲ್ಲ. 1982ರ ಮೇ 11ರಂದು ಮೂವರು ಓಂಬುಡ್ಸ್‌ಮನ್‌ಗಳನ್ನು ನೇಮಿಸಿತು. ಸೈಟುಗಳಿಗೆ ಆಗಾಗ ಹೋಗಿ, ಕಾರ್ಮಿಕ ಕಾನೂನು ನಡೆಯುತ್ತಿದೆಯೇ ನೋಡಿ, ವರದಿ ಕೊಡಬೇಕು ಎಂದಿತು. ಕಾರಣಗಳನ್ನು ವಿವರಿಸುವ ತೀರ್ಪು ಬಂದದ್ದು ಸೆಪ್ಟೆಂಬರ್ 18ರಂದು, ಕೂಟ ಶುರುವಾಗಲು ಎರಡು ತಿಂಗಳಿರುವಾಗ. ಪೀಠದಲ್ಲಿದ್ದವರು ಭಗವತಿ ಮತ್ತು ಬಹರುಲ್ ಇಸ್ಲಾಂ. ಬರೆದದ್ದು ಭಗವತಿ.

ಭಗವತಿಯವರ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. 1976ರಲ್ಲಿ, ತುರ್ತುಪರಿಸ್ಥಿತಿಯ ನಡುವೆ, ಬಂಧನಕ್ಕೊಳಗಾದವರು ಕೋರ್ಟಿಗೆ ಬರುವಂತೆಯೇ ಇಲ್ಲ ಎಂದು ತೀರ್ಪು ಕೊಟ್ಟ ನಾಲ್ವರಲ್ಲಿ ಅವರೂ ಒಬ್ಬರು. ಎಷ್ಟೋ ವರ್ಷಗಳ ನಂತರ ಅದು ತಪ್ಪಾಯಿತು ಎಂದು ಒಪ್ಪಿಕೊಂಡರು. 1982ರ ಈ ತೀರ್ಪು ಆ ತಪ್ಪಿಗೆ ಪ್ರಾಯಶ್ಚಿತ್ತ ಎಂದು ಕೆಲವರು ಹೇಳುತ್ತಾರೆ. ಇರಬಹುದು. ಕೂಲಿಕಾರರಿಗೆ ಅದರಿಂದ ಏನೂ ವ್ಯತ್ಯಾಸವಿಲ್ಲ.

ಸರ್ಕಾರ ಏನು ಹೇಳಿತು

ಸರ್ಕಾರದ ಕಡೆಯ ವಾದಗಳನ್ನು ಹಗುರವಾಗಿ ತಳ್ಳಿಹಾಕಬಾರದು. ಇವತ್ತೂ ನಾವು ನೀವು ಆಡುವ ಮಾತೇ ಅವು.

ನೀವು ಯಾರು ಕೇಳಲಿಕ್ಕೆ ಅನ್ನುವುದು ಮೊದಲನೆಯದು. ಅನ್ಯಾಯ ಆಗಿದ್ದರೆ ಆ ಕೂಲಿಕಾರ ಬರಲಿ, ನಿಮಗೇನು ನಷ್ಟ? ಇನ್ನೊಂದು, ಇವರು ನಮ್ಮ ಆಳುಗಳೇ ಅಲ್ಲ, ಗುತ್ತಿಗೆದಾರನ ಆಳುಗಳು, ಅವನನ್ನು ಕೇಳಿ. ಮೂರನೆಯದು ನಿಜಕ್ಕೂ ಗಟ್ಟಿ ವಾದ. ಒಪ್ಪೋಣ, ಕಾರ್ಮಿಕ ಕಾನೂನು ಮುರಿದಿರಬಹುದು. ಹಾಗಿದ್ದರೆ ಲೇಬರ್ ಆಫೀಸಿಗೆ ಹೋಗಿ. ಸುಪ್ರೀಂ ಕೋರ್ಟಿಗೆ ನೇರ ಬರುವುದು ಮೂಲಭೂತ ಹಕ್ಕು ಮುರಿದಾಗ ಮಾತ್ರ. ಒಂದು ರೂಪಾಯಿ ಕಮಿಷನ್ನಿಗೂ ಮೂಲಭೂತ ಹಕ್ಕಿಗೂ ಏನು ಸಂಬಂಧ?

ಮೊದಲ ಎರಡಕ್ಕೆ ಕೋರ್ಟು ಬೇಗ ಉತ್ತರ ಕೊಟ್ಟಿತು. ಬಡತನ, ಅನಕ್ಷರತೆಯಿಂದ ತಾನೇ ಬರಲಾರದವನ ಪರವಾಗಿ ಬೇರೆಯವರು ಬರಬಹುದು. ನಮ್ಮಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಬೇರೂರಿದ ಕಾಲ ಅದು. ಗುತ್ತಿಗೆದಾರನ ಮೇಲೆ ಹಾಕಿ ಕೈ ತೊಳೆದುಕೊಳ್ಳುವ ಹಾಗೂ ಇಲ್ಲ. ಕೆಲಸ ಯಾರದೋ ಹೊಣೆ ಅವರದೂ ಹೌದು. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲೇ ‘ಮೂಲ ಮಾಲೀಕ’ನ ಹೊಣೆ ಬರೆದಿತ್ತು. ಇನ್ನು ಬಲವಂತದ ದುಡಿಮೆ ತಡೆಯುವ ಸಂವಿಧಾನದ 23ನೇ ವಿಧಿಯಂಥ ಹಕ್ಕುಗಳು ಸರ್ಕಾರವನ್ನು ಮಾತ್ರ ಕಟ್ಟುವಂಥವಲ್ಲ. ಖಾಸಗಿಯವನು ಮುರಿದರೂ ತಡೆಯುವುದು ಸರ್ಕಾರದ ಕರ್ತವ್ಯ.

ದೊಡ್ಡ ಕೋರ್ಟಿನಲ್ಲಿ ಸಾವಿರಾರು ಕೇಸು ಬಾಕಿ ಇರುವಾಗ ಇಂಥ ಸಣ್ಣ ವಿಷಯಕ್ಕೆ ಸಮಯ ಯಾಕೆ ಎಂದು ಆಗ ಕೆಲವರು ಮೂಗು ಮುರಿದಿದ್ದರು. ಭಗವತಿಯವರು ತೀರ್ಪಿನ ಮೊದಲ ಪುಟಗಳಲ್ಲೇ ಅವರಿಗೆ ಖಾರವಾಗಿ ಉತ್ತರಿಸಿದ್ದಾರೆ. ಉಳ್ಳವರ ಕೇಸುಗಳು ತುಂಬಿಕೊಂಡಿವೆ, ಆದ್ದರಿಂದ ಬಡವರಿಗೆ ಸಮಯವಿಲ್ಲ ಎಂದು ಹೇಳುವ ಹಕ್ಕು ಯಾವ ಸರ್ಕಾರಕ್ಕೂ ಇಲ್ಲ ಅನ್ನುವುದು ಅದರ ತಿರುಳು.

‘ಅವನೇ ಒಪ್ಪಿದ್ದಾನಲ್ಲ’

ಈಗ ಮೂರನೆಯ ವಾದ. ಇಡೀ ತೀರ್ಪಿನ ಜೀವ ಇರುವುದು ಇಲ್ಲಿ.

ಸಂವಿಧಾನದ 23ನೇ ವಿಧಿ ಮನುಷ್ಯರ ಮಾರಾಟವನ್ನೂ, ಬಿಟ್ಟಿ ಚಾಕರಿಯನ್ನೂ, ಅಂಥದೇ ಬೇರೆ ಬಲವಂತದ ದುಡಿಮೆಯನ್ನೂ ನಿಷೇಧಿಸುತ್ತದೆ. ನಮಗೆ ಇದು ಹೊಸ ಮಾತಲ್ಲ. ಜೀತ, ಬಿಟ್ಟಿ ಎಂಬ ಪದಗಳು ಕನ್ನಡದ ಹಳ್ಳಿಹಳ್ಳಿಯಲ್ಲಿ ಬಳಕೆಯಲ್ಲಿದ್ದವು. ಊರ ಗೌಡನ ಮನೆಯ ಕೆಲಸಕ್ಕೆ ಕೂಲಿ ಇಲ್ಲ, ಕರೆದಾಗ ಹೋಗಬೇಕು. ಅದು ಬಿಟ್ಟಿ. ಅಪ್ಪನ ಸಾಲಕ್ಕೆ ಮಗ ದುಡಿಯಬೇಕು. ಅದು ಜೀತ.

ಏಷ್ಯಾಡ್ ಆಳಿನ ಕಥೆ ಹಾಗಲ್ಲವಲ್ಲ ಎಂದು ಸರ್ಕಾರದ ವಕೀಲರು ವಾದಿಸಿದರು. ಅವನಿಗೆ ಕೂಲಿ ಕೊಡುತ್ತಿದ್ದೇವೆ. ಕೂಲಿ ಕೊಟ್ಟ ಮೇಲೆ ಅದು ಬಿಟ್ಟಿಯೂ ಅಲ್ಲ, ಬಿಟ್ಟಿಯಂಥದ್ದೂ ಅಲ್ಲ.

ಕೋರ್ಟಿನ ಉತ್ತರ ಎರಡು ಹೆಜ್ಜೆಯದು. ಒಂದು, ದುಡ್ಡು ಕೊಟ್ಟ ಮಾತ್ರಕ್ಕೆ ಬಲವಂತ ಹೋಗುವುದಿಲ್ಲ. ಮನಸ್ಸಿಲ್ಲದವನನ್ನು ಹಿಡಿದು ದುಡಿಸಿ ಕೈತುಂಬ ಕೂಲಿ ಕೊಟ್ಟರೂ ಅದು ಬಲವಂತವೇ. ಹಾಗಾಗಿ ಇಲ್ಲಿ ಕೇಳಬೇಕಾದ ಪ್ರಶ್ನೆ, ಇಲ್ಲಿ ಬಲವಂತ ಇತ್ತೇ? ಅದಕ್ಕೆ ಎರಡನೆಯ ಹೆಜ್ಜೆ. ಬಲವಂತ ಅಂದರೆ ಏನು?

ಕೋಲು ಹಿಡಿದು ನಿಂತರೆ ಬಲವಂತ. ದುಡಿಯದಿದ್ದರೆ ಜೈಲು ಎಂಬ ಕಾನೂನಿದ್ದರೆ ಅದೂ ಬಲವಂತ. ಇವೆರಡನ್ನು ಯಾರೂ ಅಲ್ಲಗಳೆಯುವುದಿಲ್ಲ. ಭಗವತಿ ಮೂರನೆಯದನ್ನು ಸೇರಿಸಿದರು: ಹಸಿವು. ಹೊಟ್ಟೆಗೆ ಹಿಟ್ಟಿಲ್ಲ, ಮನೆಯಲ್ಲಿ ಮಕ್ಕಳಿವೆ, ಬೇರೆ ದಾರಿ ಒಂದೂ ಇಲ್ಲ. ಆಗ ಸಿಕ್ಕ ಕೂಲಿಗೆ ಕೈ ಚಾಚುವವನು ತನ್ನ ಇಷ್ಟದಿಂದ ಚಾಚುತ್ತಿಲ್ಲ. ಅವನ ಬೆನ್ನಿಗೆ ಕೋಲಿನ ಬದಲು ಬಡತನ ನಿಂತಿದೆ.

ಆದರೆ ಹೀಗೆ ನೋಡಿದರೆ ಬಡವರು ಮಾಡುವ ಎಲ್ಲ ಕೆಲಸವೂ ಬಲವಂತದ ದುಡಿಮೆ ಆಗುತ್ತದಲ್ಲ? ಒಂದು ಗೆರೆ ಬೇಕು. ಆ ಗೆರೆಯೇ ಕನಿಷ್ಠ ಕೂಲಿ. ತನಗೆ ಕಾನೂನಿನ ಪ್ರಕಾರ 9 ರೂಪಾಯಿ 25 ಪೈಸೆ ಬರಬೇಕು ಅಂತ ಗೊತ್ತಿದ್ದೂ 8 ರೂಪಾಯಿ 25 ಪೈಸೆಗೆ ಖುಷಿಯಿಂದ ಯಾರಾದರೂ ದುಡಿಯುತ್ತಾರಾ? ಇಲ್ಲ. ಹಾಗೆ ದುಡಿಯುತ್ತಿದ್ದಾನೆ ಅಂದರೆ ಏನೋ ಅವನನ್ನು ತಳ್ಳುತ್ತಿದೆ ಅಂತಲೇ ಅರ್ಥ. ಕನಿಷ್ಠ ಕೂಲಿಗಿಂತ ಕಡಿಮೆಗೆ ಮಾಡಿಸಿದ ದುಡಿಮೆ, 23ನೇ ವಿಧಿಯ ಬಲವಂತದ ದುಡಿಮೆ.

ಒಂದು ರೂಪಾಯಿ ಸಂವಿಧಾನದೊಳಗೆ ಹೋದದ್ದು ಈ ದಾರಿಯಲ್ಲಿ.

ಈ ತೀರ್ಪು ನನಗೆ ಹಿಡಿಸುವುದು ಒಂದೇ ಕಾರಣಕ್ಕೆ. ಕೂಲಿಯ ವಿಷಯದಲ್ಲಿ ನಮ್ಮೆಲ್ಲರ ಕಡೆಯ ಅಸ್ತ್ರ ‘ಅವನೇ ಒಪ್ಪಿದ್ದಾನಲ್ಲ’ ಅನ್ನುವುದು. ನಾವೇನು ಕಟ್ಟಿಹಾಕಿದ್ದೀವಾ? ಬೇಕಾದರೆ ಬಿಟ್ಟುಹೋಗಲಿ. ಹೊರಗೆ ಇನ್ನೂ ಹತ್ತು ಜನ ಕಾಯುತ್ತಿದ್ದಾರೆ. ಮನೆಗೆಲಸದ ಹೆಂಗಸಿನಿಂದ ಹಿಡಿದು ಮನೆಬಾಗಿಲಿಗೆ ಊಟ ತರುವ ಹುಡುಗನವರೆಗೆ ಎಲ್ಲರ ಬಗ್ಗೆ ನಾವು ಆಡುವ ಮಾತು ಇದು. ಆ ‘ಹತ್ತು ಜನ ಕಾಯುತ್ತಿದ್ದಾರೆ’ ಅನ್ನುವುದನ್ನೇ ಕೋರ್ಟು ತಿರುಗಿಸಿ ನೋಡಿತು. ಕಾಯುತ್ತಿರುವ ಆ ಹತ್ತು ಜನರೇ ಬಲವಂತಕ್ಕೆ ಸಾಕ್ಷಿ.

ಉಳಿದ ದೂರುಗಳನ್ನೂ ಹೀಗೆ ಒಂದೊಂದು ಹಕ್ಕಿಗೆ ಕಟ್ಟಲಾಯಿತು. ಹೆಂಗಸರಿಗೆ ಕಡಿಮೆ ಕೂಲಿ ಅಂದರೆ 1976ರ ಸಮಾನ ವೇತನ ಕಾಯ್ದೆ ಮುರಿದಂತೆ ಮಾತ್ರವಲ್ಲ, 14ನೇ ವಿಧಿಯ ಸಮಾನತೆಯನ್ನೂ ಮುರಿದಂತೆ. ವಸತಿ, ನೀರು, ಔಷಧಿಗಳು ಕಾರ್ಮಿಕನ ಮಾನ ಉಳಿಸುವಂಥವು, ಆದ್ದರಿಂದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ. ಮಕ್ಕಳ ವಿಷಯದಲ್ಲಂತೂ ಸರ್ಕಾರದ ಸಮಜಾಯಿಷಿ ಓದಿದರೆ ಸಿಟ್ಟು ಬರುತ್ತದೆ. ಮಕ್ಕಳ ದುಡಿಮೆ ತಡೆಯುವ 1938ರ ಕಾಯ್ದೆಯ ಪಟ್ಟಿಯಲ್ಲಿ ಕಟ್ಟಡ ಕೆಲಸದ ಹೆಸರೇ ಇಲ್ಲ, ಹಾಗಾಗಿ ಅದು ಇಲ್ಲಿಗೆ ಅನ್ವಯಿಸದು ಎಂದರು. ಕೋರ್ಟು ಪಟ್ಟಿಯಲ್ಲಿ ಬಿಟ್ಟುಹೋದದ್ದಕ್ಕೆ ಛೀಮಾರಿ ಹಾಕಿತು. ಪಟ್ಟಿ ಇರಲಿ ಬಿಡಲಿ, 24ನೇ ವಿಧಿ ಇದೆಯಲ್ಲ ಎಂದಿತು. ಹದಿನಾಲ್ಕು ತುಂಬದ ಮಗುವನ್ನು ಅಪಾಯದ ಕೆಲಸಕ್ಕೆ ಹಚ್ಚಬಾರದು. ಕಟ್ಟಡದ ಕೆಲಸಕ್ಕಿಂತ ಅಪಾಯದ್ದು ಇನ್ನೇನು?

ತೀರ್ಪು ಭಾರತದೊಳಗೆ ಮಾತ್ರ ನಿಲ್ಲಲಿಲ್ಲ. ವಿಶ್ವಸಂಸ್ಥೆಯ 1948ರ ಮಾನವ ಹಕ್ಕುಗಳ ಘೋಷಣೆ, ಬಲವಂತದ ದುಡಿಮೆಯ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1930ರಲ್ಲಿ ಮಾಡಿದ ಒಪ್ಪಂದ, ಗುಲಾಮಗಿರಿ ತೊಡೆದ ಅಮೆರಿಕದ 13ನೇ ತಿದ್ದುಪಡಿ, ಎಲ್ಲವನ್ನೂ ಎದುರಿಗೆ ಇಟ್ಟುಕೊಂಡಿತು. ನಮ್ಮ 23ನೇ ವಿಧಿಯನ್ನು ಅವಕ್ಕಿಂತ ಅಗಲವಾಗಿಯೇ ಓದಿತು. ಮಾನವ ಹಕ್ಕಿನ ಭಾಷೆ ಹೊರಗಿಂದ ಆಮದಾದದ್ದು ಎಂದು ಗೊಣಗುವವರು ಈ ಭಾಗವನ್ನು ಒಮ್ಮೆ ನೋಡಬೇಕು.

ದಂಡದ ಬಗ್ಗೆಯೂ ಒಂದು ಮಾತಿದೆ, ಅದನ್ನು ಬಿಡಬಾರದು. ಕಾರ್ಮಿಕ ಕಾನೂನು ಮುರಿದ ಮಾಲೀಕರಿಗೆ ಮ್ಯಾಜಿಸ್ಟ್ರೇಟರು ಸಣ್ಣಪುಟ್ಟ ದಂಡ ಹಾಕಿ ಬಿಡುತ್ತಿದ್ದರು. ಹೀಗಾದರೆ ಕಾನೂನು ಪಾಲಿಸುವುದಕ್ಕಿಂತ ಮುರಿದು ದಂಡ ಕಟ್ಟುವುದೇ ಅಗ್ಗ ಎಂದು ಕೋರ್ಟು ಎಚ್ಚರಿಸಿತು. ಒಂದು ರೂಪಾಯಿಯಂತೆ ಸಾವಿರ ಆಳುಗಳ ಮೇಲೆ ಮುರಿದರೆ ದಿನಕ್ಕೆ ಸಾವಿರ ರೂಪಾಯಿ. ಉಳಿದ ಲೆಕ್ಕ ನೀವೇ ಮಾಡಿ.

ಎಲ್ಲಿ ಸೋತಿತು

ಇಷ್ಟೆಲ್ಲ ಹೊಗಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ಹೇಳಬೇಕು.

ಕೂಲಿ ಜಮಾದಾರನ ಕೈ ದಾಟದೆ ನೇರವಾಗಿ ಆಳಿನ ಕೈ ಸೇರಬೇಕು ಎಂದು ಕೋರ್ಟು ಹೇಳಿತು. ಒಳ್ಳೆಯದು. ಆದರೆ ಓಂಬುಡ್ಸ್‌ಮನ್‌ಗಳು ಒಂದು ಕೇಸಿಗಾಗಿ ನೇಮಕವಾದವರು. ಕ್ರೀಡಾಂಗಣದ ದೀಪ ಹತ್ತಿದ ಮೇಲೆ ಸೈಟೂ ಇಲ್ಲ, ಆಳೂ ಇಲ್ಲ, ನೋಡುವವರೂ ಇಲ್ಲ. ಕಟ್ಟಡ ಕಾರ್ಮಿಕರಿಗೆ ಅಂತಲೇ ಒಂದು ಕಾಯ್ದೆ ಮತ್ತು ಕಲ್ಯಾಣ ನಿಧಿಗೆ ಸೆಸ್ ಬರಲು 1996ರವರೆಗೆ ಕಾಯಬೇಕಾಯಿತು.

ಕನಿಷ್ಠ ಕೂಲಿಯನ್ನು ಗೆರೆ ಮಾಡಿಕೊಂಡದ್ದರಲ್ಲೂ ಒಂದು ತೊಡಕಿದೆ. ಆ ಗೆರೆ ಎಳೆಯುವುದು ಸರ್ಕಾರವೇ. ವರ್ಷಗಟ್ಟಲೆ ದರ ಏರಿಸದೆ ಕೂತರೆ ಗೆರೆ ಅಲ್ಲೇ ಇರುತ್ತದೆ, ಅಕ್ಕಿಬೇಳೆ ಬೆಲೆ ಮೇಲೆ ಹೋಗುತ್ತದೆ. ಗೆರೆಗಿಂತ ಒಂದು ಪೈಸೆ ಮೇಲೆ ಕೊಟ್ಟವನು ಈ ತೀರ್ಪಿನ ಕಣ್ಣಲ್ಲಿ ನಿರಪರಾಧಿ.

ನನಗೆ ಜಾಸ್ತಿ ಕಾಡುವುದು ಬೇರೆಯದು. ಇಡೀ ತೀರ್ಪಿನಲ್ಲಿ ಕೂಲಿಕಾರರ ಮಾತು ಅವರದೇ ಬಾಯಿಂದ ಕೇಳಿಸುವುದಿಲ್ಲ. ಸಮಾಜ ವಿಜ್ಞಾನಿಗಳು ನೋಡಿದರು, ಸಂಘಟನೆ ಬರೆಯಿತು, ವಕೀಲ ಗೋವಿಂದ ಮುಖೋಟಿ ವಾದಿಸಿದರು, ನ್ಯಾಯಮೂರ್ತಿ ಒಪ್ಪಿದರು. ಸಂಘ ಕಟ್ಟುವ ಹಕ್ಕು, ಒಟ್ಟಾಗಿ ಕೂತು ಕೂಲಿ ಮಾತಾಡುವ ಹಕ್ಕು ಈ ಕಥೆಯಲ್ಲಿ ಎಲ್ಲೂ ಮುಂದೆ ಬರುವುದಿಲ್ಲ. ಹಕ್ಕು ಮೇಲಿಂದ ಬಂತು. ಆ ಜನ ಆರು ತಿಂಗಳಿಗೊಮ್ಮೆ ಸೈಟು ಬದಲಿಸುವವರು, ಒಬ್ಬ ಜಮಾದಾರನಿಂದ ಇನ್ನೊಬ್ಬನ ಬಳಿಗೆ ಹೋಗುವವರು, ಭಾಷೆಯೂ ಒಂದಲ್ಲ. ಸಂಘ ಕಟ್ಟುವುದು ಹೇಗೆ? ಕೋರ್ಟಿನದು ತಪ್ಪು ಅನ್ನಲಾರೆ. ಆದರೆ ಸಂಘವಿಲ್ಲದ ಕಡೆ ಜಮಾದಾರ ಮರುದಿನವೇ ಮತ್ತೆ ಕೈ ಚಾಚಿದರೆ ಹಿಡಿಯುವವರು ಯಾರು?

ತೀರ್ಪು ಮತ್ತೆ ಬೇಕಾದಾಗ

ಮರುವರ್ಷ, 1983ರಲ್ಲಿ, ರಾಜಸ್ಥಾನದ ಬರ ಪರಿಹಾರ ಕಾಮಗಾರಿಯ ಪ್ರಕರಣ ಬಂತು. ಬರಗಾಲದಲ್ಲಿ ಕೆಲಸ ಕೊಟ್ಟದ್ದೇ ಉಪಕಾರ, ಕನಿಷ್ಠ ಕೂಲಿ ಬೇರೆ ಕೇಳಬೇಡಿ ಅನ್ನುವಂಥ ವಾದಕ್ಕೆ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಹಸಿದವನ ಹಸಿವನ್ನು ಸರ್ಕಾರವೂ ಲಾಭಕ್ಕೆ ಬಳಸಿಕೊಳ್ಳುವಂತಿಲ್ಲ.

ಈ ಎಳೆ ಕರ್ನಾಟಕಕ್ಕೂ ಬಂತು. ಉದ್ಯೋಗ ಖಾತ್ರಿ ಕೂಲಿಯನ್ನು ಕೇಂದ್ರ ಸರ್ಕಾರ 2009ರಲ್ಲಿ 100 ರೂಪಾಯಿಗೆ ಕಟ್ಟಿಹಾಕಿತ್ತು. ರಾಜ್ಯ ತಾನೇ ಗೊತ್ತುಮಾಡಿದ ಕೃಷಿ ಕೂಲಿಯ ಕನಿಷ್ಠ ದರ ಅದಕ್ಕಿಂತ ಜಾಸ್ತಿ. ಅಂದರೆ ಪಕ್ಕದ ಹೊಲದ ಯಜಮಾನ ಕಡಿಮೆ ಕೊಟ್ಟರೆ ಅಪರಾಧ, ಸರ್ಕಾರ ಕಡಿಮೆ ಕೊಟ್ಟರೆ ಯೋಜನೆ! 2011ರಲ್ಲಿ ಕರ್ನಾಟಕ ಹೈಕೋರ್ಟು ರಾಜ್ಯದ ಕನಿಷ್ಠ ಕೂಲಿಯನ್ನೇ ಕೊಡಬೇಕು ಎಂದಿತು. ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. 2012ರ ಜನವರಿಯಲ್ಲಿ ಅಲ್ಲಿ ತಡೆಯಾಜ್ಞೆ ಸಿಗಲಿಲ್ಲ.

2020ರ ಮೇ ತಿಂಗಳು ಬೆಂಗಳೂರಿನವರಿಗೆ ನೆನಪಿರಲೇಬೇಕು. ಲಾಕ್‌ಡೌನಿನಲ್ಲಿ ಸಿಕ್ಕಿಹಾಕಿಕೊಂಡ ಹೊರರಾಜ್ಯದ ಕಾರ್ಮಿಕರಿಗಾಗಿ ಶ್ರಮಿಕ್ ರೈಲುಗಳು ಆಗಷ್ಟೇ ಶುರುವಾಗಿದ್ದವು. ಮೇ 5ರಂದು ಮುಖ್ಯಮಂತ್ರಿ ಕಟ್ಟಡ ಉದ್ಯಮದವರ ಜೊತೆ ಸಭೆ ನಡೆಸಿದರು. ಅದೇ ದಿನ ರಾಜ್ಯ ಸರ್ಕಾರ ಮರುದಿನದಿಂದ ರೈಲು ಬೇಡ ಎಂದು ರೈಲ್ವೆಗೆ ಬರೆಯಿತು. ಕಟ್ಟಡ ಕೆಲಸ ಮತ್ತೆ ಶುರುವಾಗುತ್ತಿದೆ, ಇಲ್ಲೇ ಇರಿ ಎಂಬ ಮಾತು. ಯಾರನ್ನೂ ಹಗ್ಗ ಹಾಕಿ ಕಟ್ಟಲಿಲ್ಲ, ನಿಜ. ರೈಲು ನಿಲ್ಲಿಸಿದರು ಅಷ್ಟೇ. ಗಂಟು ಮೂಟೆ ಹೊತ್ತವರು ಹೆದ್ದಾರಿ ಹಿಡಿದು ನಡೆಯತೊಡಗಿದರು. ದೇಶದೆಲ್ಲೆಡೆಯಿಂದ ಟೀಕೆ ಬಂದ ಮೇಲೆ ಎರಡೇ ದಿನದಲ್ಲಿ ಸರ್ಕಾರ ನಿರ್ಧಾರ ಬದಲಿಸಿತು. ಭಗವತಿಯವರ ಮೂರನೆಯ ಬಗೆಯ ಬಲವಂತವನ್ನು ಅರ್ಥ ಮಾಡಿಸಲು ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಸಿಕ್ಕಿಲ್ಲ.

ಅದೇ ತಿಂಗಳು ಕರ್ನಾಟಕ ಕಾರ್ಖಾನೆಗಳಲ್ಲಿ ದಿನದ ದುಡಿಮೆಯನ್ನು 10 ಗಂಟೆಗೆ ಏರಿಸಿತು. ವಿಷಯ ಹೈಕೋರ್ಟಿಗೆ ಹೋದಾಗ ಜೂನ್‌ನಲ್ಲಿ ವಾಪಸು ಪಡೆಯಿತು. ಗುಜರಾತ್ ಇನ್ನೂ ಮುಂದೆ ಹೋಗಿತ್ತು. ದಿನಕ್ಕೆ 12 ಗಂಟೆ, ಹೆಚ್ಚಿನ ಗಂಟೆಗಳಿಗೆ ಓವರ್‌ಟೈಮಿನ ದುಪ್ಪಟ್ಟು ದರವಿಲ್ಲ. 2020ರ ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟು ಆ ಅಧಿಸೂಚನೆಯನ್ನು ರದ್ದು ಮಾಡಿತು. ಸಾಂಕ್ರಾಮಿಕದ ಭಾರವನ್ನೆಲ್ಲ ಕಾರ್ಮಿಕರ ಹೆಗಲಿಗೆ ಹಾಕುವುದು ಜೀವಿಸುವ ಹಕ್ಕಿಗೂ, ಬಲವಂತದ ದುಡಿಮೆಯ ವಿರುದ್ಧದ ಹಕ್ಕಿಗೂ ಪೆಟ್ಟು ಎಂದಿತು. ಅದೇ 21, ಅದೇ 23. ಬಾಕಿ ಓವರ್‌ಟೈಮ್ ಕೊಡಿಸಿತು.

ಏಷ್ಯಾಡ್ ತೀರ್ಪು ಆಧರಿಸಿದ್ದ ಕಾಯ್ದೆಗಳನ್ನು, ಅಂದರೆ ಕನಿಷ್ಠ ಕೂಲಿ, ಸಮಾನ ವೇತನ, ಗುತ್ತಿಗೆ ಕಾರ್ಮಿಕ, ಅಂತರರಾಜ್ಯ ವಲಸೆ ಕಾರ್ಮಿಕ ಕಾಯ್ದೆಗಳನ್ನು, 2019 ಮತ್ತು 2020ರಲ್ಲಿ ಪಾರ್ಲಿಮೆಂಟು ಒಪ್ಪಿದ ನಾಲ್ಕು ಸಂಹಿತೆಗಳಲ್ಲಿ ಸೇರಿಸಲಾಗಿದೆ. ಕಾಯ್ದೆಯನ್ನು ಮಡಚಬಹುದು, ಬಿಚ್ಚಬಹುದು, ಹೊಸ ಹೆಸರಿಡಬಹುದು. ಸಂವಿಧಾನದ 23ನೇ ವಿಧಿಯನ್ನು ಹಾಗೆ ಮಾಡುವುದು ಕಷ್ಟ. ಕೂಲಿಯನ್ನು ಲೇಬರ್ ಆಫೀಸಿನ ಕಡತದಿಂದ ಎತ್ತಿ ಅಲ್ಲಿ ಇಟ್ಟದ್ದರ ಲಾಭ ಇದು.

ಕೊನೆಗೆ ನನ್ನದೇ ಒಂದು ಲೆಕ್ಕ. ಕೆಲವು ವರ್ಷಗಳ ಹಿಂದೆ ಮನೆ ಕಟ್ಟಿಸುವಾಗ ಶನಿವಾರ ಶನಿವಾರ ಮೇಸ್ತ್ರಿಗೆ ಬಟವಾಡೆ ಕೊಡುತ್ತಿದ್ದೆ. ದುಡ್ಡು ಅವರ ಕೈಗೆ. ಅವರು ಆಳುಗಳಿಗೆ ಎಷ್ಟು ಕೊಟ್ಟರು ಅಂತ ಒಂದು ವಾರವೂ ಕೇಳಲಿಲ್ಲ. “ಹೆಣ್ಣಾಳಿಗೆ ಸ್ವಲ್ಪ ಕಡಿಮೆ ಸಾರ್, ಎಲ್ಲಾ ಕಡೆ ಹಂಗೇ” ಅಂದಿದ್ದರು. ಗಂಡಾಳು ಸಿಮೆಂಟು ಕಲಸುತ್ತಿದ್ದ. ಹೆಣ್ಣಾಳು ಅದನ್ನು ಬಾಂಡ್ಲಿಯಲ್ಲಿ ತುಂಬಿ ತಲೆಯ ಮೇಲೆ ಹೊತ್ತು ಎರಡನೇ ಮಹಡಿಗೆ ಹತ್ತುತ್ತಿದ್ದಳು. ಈ ತೀರ್ಪನ್ನು ನಾನು ಆಗಲೇ ಓದಿದ್ದೆ. ಆ ಲೆಕ್ಕದ ಪುಸ್ತಕ ಇನ್ನೂ ಬೀರುವಿನಲ್ಲಿದೆ. ಗಂಡಾಳು 3, ಹೆಣ್ಣಾಳು 4, ಮುಂದೆ ಎರಡು ಬೇರೆ ಬೇರೆ ದರ. ಅಕ್ಷರ ನನ್ನದೇ.